ಲಿಫ್ಟಣ್ಣನ ವಿಟಮಿನ್ ಡಿ

ಮಂಡಿ ನೋವೆಂದು ಡಾಕ್ಟರ ಬಳಿ ಹೋಗದಿದ್ದರೆ ಲಿಫ್ಟಣ್ಣ ಇವತ್ತಿಗೂ ನೆಮ್ಮದಿಯಾಗಿರುತ್ತಿದ್ದ. ಅವರು ರಕ್ತ ಪರೀಕ್ಷೆ ಮಾಡಿಸಿ, "ವಿಟಮಿನ್ ಡಿ ಒಂಚೂರು ಕಮ್ಮಿ ಇದೆ. ಮಾತ್ರೆ ತಗೊಂಡ್ರೂ ಆಯ್ತು, ಬಿಸಿಲಿಗೆ ಮೈಯೊಡ್ಡಿದ್ರೂ ಆಯ್ತು" ಎಂದಿದ್ದರು. ಒಂದೇ ದಾರಿ ತೋರಿಸಿದ್ದರೆ ಹೇಗೋ ನಡೆದುಬಿಡುತ್ತಿದ್ದ. ಎರಡು ತೋರಿಸಿದ್ದೇ ಕೆಟ್ಟಿತು.

ಹಳೆಯ ಕಟ್ಟಡವೊಂದರ ಲಿಫ್ಟು ನಡೆಸುವುದು ಅವನ ಕೆಲಸ. ಬೆಳಿಗ್ಗೆ ಜಾಲರಿ ಬಾಗಿಲೆಳೆದು ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೂ ಮೇಲೆ, ಕೆಳಗೆ. ದಿನವಿಡೀ ಓಡಾಡಿಯೂ ಎಲ್ಲಿಗೂ ಹೋಗದ ಮನುಷ್ಯ.

ಮಾತ್ರೆ ಕೊಂಡ ಮರುದಿನ ಮೊದಲು ಹತ್ತಿದವರು ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮ. ಅವನ ಜೇಬಿನಲ್ಲಿ ಇಣುಕುತ್ತಿದ್ದ ಮಾತ್ರೆ ಕಂಡದ್ದೇ ತಡ, "ಇನ್ನೂ ನುಂಗಿಲ್ವಾ? ಹೀಗೇ ಬಿಟ್ರೆ ಮೂಳೆ ಸೀಮೆಸುಣ್ಣ ಆಗೋಗತ್ತೆ. ಬಾಯಿ ತೆಗಿ!" ಎಂದರು. ಅಭ್ಯಾಸಬಲದಿಂದ ಅವನ ಹಲ್ಲನ್ನೂ ಎಣಿಸಿಬಿಟ್ಟರು.

ಮಾತ್ರೆ ತುಟಿಗೆ ತಾಗುವಷ್ಟರಲ್ಲಿ ಹಿಂದೆಯೇ ಹತ್ತಿದ್ದ ನಾಲ್ಕನೇ ಮಹಡಿಯ ವಕೀಲರು ಕೈ ಹಿಡಿದರು. "ನಿಲ್ಸು! ಕಮ್ಮಿ ಅಂದ್ರೆ ಎಷ್ಟಕ್ಕಿಂತ ಕಮ್ಮಿ? ಗೆರೆ ಎಳೆದವರು ಯಾರು? ಗೆರೆ ಮೇಲೆ ಮೇಲೆ ಎಳೀತಾ ಹೋದ್ರೆ ಜಿರಾಫೆಗೂ ಕತ್ತು ಸಾಲಲ್ಲ. ಮಾತ್ರೆ ಅತಿಯಾದ್ರೆ ಕಿಡ್ನೀಲಿ ಕಲ್ಲು, ಗೊತ್ತಾ? ಬಿಸಿಲಿಗೆ ಹೋಗು. ಪುಕ್ಕಟೆ."

"ಬಿಸಿಲಲ್ಲಿ ಚರ್ಮ ಸುಟ್ಟುಹೋದ್ರೆ?" ಎಂದರು ಡಾಕ್ಟರಮ್ಮ.

"ನೀವು ಹಲ್ಲು ನೋಡ್ಕೊಳ್ಳಿ."

"ನೀವು ನಾಲಿಗೆ ನೋಡ್ಕೊಳ್ಳಿ."

ಎರಡನೇ ಮಹಡಿ ಬಂದರೂ ಅವರು ಇಳಿಯಲಿಲ್ಲ, ನಾಲ್ಕನೆಯದು ಬಂದರೂ ಇವರು ಇಳಿಯಲಿಲ್ಲ. ಲಿಫ್ಟು ನ್ಯಾಯಾಲಯವಾಗಿ ಮೇಲೆ ಕೆಳಗೆ ತಿರುಗಿತು. ಮಾತ್ರೆ ಮತ್ತೆ ಜೇಬು ಸೇರಿತು.

ಊಟದ ಹೊತ್ತಿಗೆ ಲಿಫ್ಟಣ್ಣನಿಗೆ ಸಾಕಾಗಿಹೋಯಿತು. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ, ಫೋನನ್ನು ಸ್ಟೂಲಿನ ಮೇಲೇ ಬಿಟ್ಟು ತಾರಸಿಗೆ ಹೋದ. ಅಂಗಿ ಬಿಚ್ಚಿ ಸೂರ್ಯನಿಗೆ ಬೆನ್ನು ಕೊಟ್ಟು ಕೂತ. ಎಷ್ಟೋ ವರ್ಷದ ಮೇಲೆ ಸಿಕ್ಕ ಸುಖ. ಕಣ್ಣು ಮುಚ್ಚಿದ್ದಷ್ಟೇ ನೆನಪು.

ಎಚ್ಚರಾದಾಗ ಬೆನ್ನು ಕಾದ ಹೆಂಚಾಗಿತ್ತು. ಗಾಳಿಗೆ ಬಾಗಿಲು ಹಾಕಿಕೊಂಡು ಒಳಗಿನ ಚಿಲಕ ಬಿದ್ದಿತ್ತು. ಬಡಿದ, ಒದ್ದ, ಯಾರೂ ಬರಲಿಲ್ಲ. ಕೊನೆಗೆ ತಾರಸಿಯ ಅಂಚಿಗೆ ಬಂದು ಅಂಗಿ ಬೀಸುತ್ತ ಬೀದಿಯತ್ತ ಕೂಗಿದ.

ಬರಿಮೈಯಲ್ಲಿ ತುದಿಗೆ ನಿಂತು ಕೂಗುವವನನ್ನು ಕಂಡರೆ ಜನ ಏನೆಂದುಕೊಂಡಾರು? "ಅಯ್ಯೋ, ಹಾರ್ತಾನೆ!" ಎಂದ ಒಬ್ಬ. ಗಳಿಗೆಯಲ್ಲಿ ಬೀದಿ ತುಂಬಿತು. ಕಟ್ಟಡದ ಯಜಮಾನರು ಏದುಸಿರು ಬಿಡುತ್ತ ಬಂದು ಕೇಳಿದರು: "ಯಾಕೋ ಮಾರಾಯಾ, ಏನಾಗಿದೆ ನಿಂಗೆ?"

"ಡಿ ಕಮ್ಮಿಯಾಗಿದೆ ಸಾರ್!"

"ಏನು ಕಮ್ಮಿಯಂತೆ?"

"ಸಂಬಳ ಅನ್ಸತ್ತೆ" ಎಂದಿತು ಗುಂಪು.

ಯಜಮಾನರ ಮುಖ ಬಿಳುಚಿತು. "ಜಾಸ್ತಿ ಮಾಡ್ತೀನಪ್ಪಾ! ಹಿಂದಕ್ಕೆ ಹೋಗು!"

ಅಷ್ಟರಲ್ಲಿ ಪಕ್ಕದ ಬೀದಿಯಿಂದ ಹೆಂಡತಿ ಓಡಿಬಂದಳು. "ರೀ, ನಿಮ್ಮ ದಮ್ಮಯ್ಯ, ಇಳಿದ್ಬನ್ನಿ! ನಮ್ಮಣ್ಣನ್ನ ಇವತ್ತೇ ಊರಿಗೆ ಕಳಿಸ್ತೀನಿ!"

ಲಿಫ್ಟಣ್ಣನಿಗೆ ಕಿವಿ ನಂಬಲಾಗಲಿಲ್ಲ. ಸಂಬಳವೂ ಏರಿತು, ಮನೆಯಲ್ಲಿ ಠಿಕಾಣಿ ಹೂಡಿದ್ದ ಭಾವನೂ ಹೊರಟ! ಬಿಸಿಲಿಗೆ ಇಷ್ಟು ಶಕ್ತಿಯಿದೆಯೆಂದು ವಕೀಲರೂ ಹೇಳಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣವೇ ಎಂದುಕೊಳ್ಳುತ್ತಿರುವಾಗಲೇ ಬಾಗಿಲು ತೆರೆಯಿತು. ನಾಲ್ಕಾರು ಜನ ಅವನನ್ನು ಅನಾಮತ್ತಾಗಿ ಎತ್ತಿಕೊಂಡು ಕೆಳಗಿಳಿಸಿದರು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ. ನಡೆದದ್ದೆಲ್ಲ ಹೇಳಿಬಿಟ್ಟ.

"ಹಾಗಾದ್ರೆ ಸಂಬಳದ ಮಾತಲ್ಲ" ಎಂದು ಯಜಮಾನರು ಉಸಿರುಬಿಟ್ಟರು.

"ಹಾಗಾದ್ರೆ ಅಣ್ಣ ಇರ್ಲಿ ಬಿಡಿ" ಎಂದಳು ಹೆಂಡತಿ.

ಡಾಕ್ಟರಮ್ಮ ಅವನ ಕೆಂಪು ಬೆನ್ನು ನೋಡಿ, "ಚೆನ್ನಾಗಿ ಸುಟ್ಟಿದೆ. ಕೆಲವು ದಿನ ಬಿಸಿಲ ನೆರಳೂ ಸೋಕಬಾರದು" ಎಂದರು. ವಕೀಲರು ಜೇಬಿನ ಮಾತ್ರೆ ಕಿತ್ತುಕೊಂಡು, "ಇಷ್ಟು ಬಿಸಿಲು ಕುಡಿದ ಮೇಲೆ ಇದ್ಯಾಕೆ?" ಎಂದು ಕಸದ ಬುಟ್ಟಿಗೆ ಎಸೆದರು. ಮೊದಲ ಸಲ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು.

ಯಜಮಾನರು ಅವನ ಹೆಗಲ ಮೇಲೆ ಮೃದುವಾಗಿ ಕೈಯಿಟ್ಟರು. "ನಿಂಗೆ ಮೇಲೆ ಹೋಗೋ ಕೆಲಸಾನೇ ಬೇಡಪ್ಪಾ. ನಾಳೆಯಿಂದ ನೆಲಮಾಳಿಗೇಲಿ ಕಾರು ಕಾಯಿ. ತಣ್ಣಗಿರತ್ತೆ. ಹಗಲಲ್ಲೂ ದೀಪ ಹಾಕ್ಕೊಂಡೇ ಕೂತ್ಕೋಬೇಕು, ಅಷ್ಟು ಹಿತವಾಗಿದೆ ಜಾಗ!"