ಹೋಟೆಲಿನವರ ಹೊಟ್ಟೆನೋವು

ಮಂಗಳವಾರ, ಮಧ್ಯಾಹ್ನ ಎರಡು ಗಂಟೆ, ಡೊಂಬಿವಲಿಯ ನಮ್ಮ ಮನೆಯ ಹಾಲ್. ಹಾಜರಿದ್ದವರು: ನಾನು, ನನ್ನ ಗಂಡ, ಮತ್ತು ಅವರ ಹೊಟ್ಟೆನೋವು. ನೋವನ್ನೂ ಹಾಜರಿಗೆ ಹಿಡಿದಿದ್ದೇನೆಂದು ನಗಬೇಡಿ. ಕಳೆದ ಮಳೆಗಾಲದಿಂದ ಅದು ನಮ್ಮ ಜೊತೆಯಲ್ಲೇ ಏಳುತ್ತದೆ, ನಮ್ಮ ಜೊತೆಯಲ್ಲೇ ಕಾಫಿಗೆ ಕೂರುತ್ತದೆ, ನಮಗಿಬ್ಬರಿಗೂ ಸೀಟು ಸಿಗದ ದಿನ ಲೋಕಲ್ ಗಾಡಿಯಲ್ಲಿ ತನ್ನ ಜಾಗವನ್ನು ಮಾತ್ರ ಬಿಡದೆ ಬರುತ್ತದೆ. ಕನ್ನಡ ಶಾಲೆಯಲ್ಲಿ ಟೀಚರಾಗಿ ಒಂದು ಜೀವಮಾನ ಹಾಜರಿ ಕರೆದವಳು ನಾನು. ನಿವೃತ್ತಿಯಾದ ಮೇಲೆ ಕರೆಯಲು ಮಕ್ಕಳಿಲ್ಲ, ಅಭ್ಯಾಸ ಮಾತ್ರ ಉಳಿದಿದೆ. ಐದಕ್ಕೆ ಏಳುವುದು, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಒಂಬತ್ತೂವರೆಗೆ ದೀಪ ಆರಿಸುವುದು. ನನ್ನಂಥವರಿಗೆಲ್ಲ ಒಂದು ಮೂಢನಂಬಿಕೆ ಇರುತ್ತದೆ. ಹೊತ್ತಿಗೆ ಸರಿಯಾಗಿ ಉಂಡು ಮಲಗಿದರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ, ಸುಳಿದರೂ ಮೊದಲೇ ತಿಳಿಸಿ ಬರುತ್ತದೆ ಎಂದು ನಾವು ನಂಬಿರುತ್ತೇವೆ. ನನ್ನ ಗಂಡನ ಹೊಟ್ಟೆ ಈ ನಂಬಿಕೆಗೆ ಕಿಂಚಿತ್ತೂ ಬೆಲೆ ಕೊಡಲಿಲ್ಲ.

ನನ್ನ ಗಂಡ ಕಲ್ಯಾಣ ಸ್ಟೇಷನ್ನಿನ ಹೊರಗೆ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಅವರ ತಂದೆ ಉಡುಪಿಯ ಕಡೆಯಿಂದ ಬಂದು ಹಾಕಿದ ಹೋಟೆಲು. ಊರಿನ ನೆಂಟರಿಗೆ ಇವರು ಭಟ್ರು, ಕಲ್ಯಾಣಕ್ಕೆಲ್ಲ ಅಣ್ಣಾ. ಬೆಳಗಿನ ತಿಂಡಿಯನ್ನು ಅವರು ಎಂದೂ ಕೂತು ತಿಂದವರಲ್ಲ. ಗಲ್ಲಾದ ಹಿಂದೆ ನಿಂತು, ಒಂದು ಕಣ್ಣು ಗಿರಾಕಿಯ ಮೇಲೆ, ಒಂದು ಕಣ್ಣು ಸಾಂಬಾರಿನ ಪಾತ್ರೆಯ ಮೇಲೆ ಇಟ್ಟುಕೊಂಡೇ ತಿನ್ನುವವರು. ಅಂಥವರು ಕಳೆದ ಮಳೆಗಾಲದ ಒಂದು ಭಾನುವಾರ ಮನೆಯಲ್ಲಿ ಕುರ್ಚಿ ಎಳೆದುಕೊಂಡು, ಬಲಗಡೆಗೆ ವಾಲಿ ಕೂತರು. "ಎಂತಾಯ್ತು?" ಅಂದೆ. "ಎಂತದೂ ಇಲ್ಲ" ಅಂದರು. ಈ "ಎಂತದೂ ಇಲ್ಲ"ಕ್ಕೆ ನಮ್ಮ ಕಡೆ ಏನು ಬೇಕಾದರೂ ಅರ್ಥವಿರಬಹುದು. ಇವರ ಭಾವ ಕೈ ಮುರಿದುಕೊಂಡಾಗಲೂ ಇದನ್ನೇ ಹೇಳಿದ್ದರು. ಆದ್ದರಿಂದ ನಾನು ತಡಮಾಡದೆ ಅವರನ್ನು ಡಾಕ್ಟರ ಬಳಿಗೆ ಅಟ್ಟಿದೆ.

ತಡಮಾಡದೆ ಅಟ್ಟಿದ್ದೇನೋ ಸರಿ. ಆದರೆ ಅವರು ಹೋದದ್ದು ಹೋಟೆಲಿನ ಎದುರು ಸಾಲಿನಲ್ಲೇ ಇರುವ ಡಾಕ್ಟರ ಬಳಿಗೆ, ದಿನಾ ಬೆಳಿಗ್ಗೆ ನಮ್ಮಲ್ಲೇ ಉಪ್ಪಿಟ್ಟು ತಿನ್ನುವವರ ಬಳಿಗೆ. ಬರುವಾಗ ಕೈಯಲ್ಲಿ ಸೊಂಟಕ್ಕೆ ಹಚ್ಚುವ ಎಣ್ಣೆ, ಸೊಂಟಕ್ಕೆ ಬಿಗಿಯುವ ಪಟ್ಟಿ. ಹೊಟ್ಟೆನೋವಿಗೆ ಸೊಂಟದ ಪಟ್ಟಿ ಯಾಕೆ ಎಂದು ನಾನು ಯೋಚಿಸಿದ್ದೇನೋ ನಿಜ. ಆದರೆ ಡಾಕ್ಟರು ಕೊಟ್ಟದ್ದನ್ನು ಹೇಳಿದ ಹೊತ್ತಿಗೆ ಹಾಕಿಸುವುದು ನನ್ನ ಧರ್ಮ. ಬೆಳಿಗ್ಗೆ ಬಿಗಿದೆ, ಸಂಜೆ ಬಿಚ್ಚಿದೆ. ಬಿಗಿದಷ್ಟೂ ನೋವು ಹೆಚ್ಚಾಯಿತು. ಕೊನೆಗೆ ನಾನೇ ಆ ಡಾಕ್ಟರಿಗೆ ಫೋನ್ ಮಾಡಿ ಜಗಳಕ್ಕೆ ನಿಂತಾಗ ಅವರು ಶಾಂತವಾಗಿ, "ಭಾಭೀ, ಅಣ್ಣಾನೇ ತೋ ಕಮರ್ ಬೋಲಾ ಥಾ" ಅಂದರು. ಅಣ್ಣ ಹೇಳಿದ್ದೇ ಸೊಂಟ ಅಂತ!

ನಾನು ಮನೆಯಲ್ಲಿ ವಿಚಾರಣೆ ಇಟ್ಟೆ. "ಡಾಕ್ಟರ ಹತ್ರ ಎಂತಕ್ಕೆ ಸುಳ್ಳು ಹೇಳಿದ್ದು ನೀವು?"

"ಮತ್ತೆಂತ ಮಾಡುದು ಮಾರಾಯ್ತಿ? ಅಲ್ಲಿ ಬೆಂಚಲ್ಲಿ ಕೂತವರೆಲ್ಲ ನಮ್ಮ ಗಿರಾಕಿಗಳೇ. ಹೋಟೆಲಿನವನಿಗೇ ಹೊಟ್ಟೆನೋವು ಅಂತ ಗೊತ್ತಾದ್ರೆ ನಾಳೆ ನಮ್ಮ ಇಡ್ಲಿ ಯಾರು ತಿನ್ನುದು?"

ಕೋಪ ಬಂದರೂ ಮಾತು ತಳ್ಳಿಹಾಕುವಂತಿರಲಿಲ್ಲ. ಇದು ಅವರ ಮನೆತನದ ಪದ್ಧತಿ. ನನ್ನ ಮಾವನವರಿಗೆ ಅಜೀರ್ಣವಾದರೆ, ಎದುರಿಗೇ ಅಂಗಡಿ ಇದ್ದರೂ, ರೈಲು ಹತ್ತಿ ಥಾಣೆ ಪಟ್ಟಣಕ್ಕೆ ಹೋಗಿ ಸೋಡಾ ಕುಡಿದು ಬರುತ್ತಿದ್ದರಂತೆ. ಹೋಟೆಲಿನೊಳಗೆ ಅವರು ತೇಗಿದ್ದನ್ನು ಕೇಳಿದವರಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ನಾನು ಗಲ್ಲಾದ ಹತ್ತಿರ ನಿಂತು "ಹೊಟ್ಟೆ ಯಾಕೋ ಸರಿಯಿಲ್ಲ" ಎಂದಾಗ ಅತ್ತೆ ನನ್ನನ್ನು ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದದ್ದು ಈಗ ಅರ್ಥವಾಯಿತು. ಆಗ ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಹಾಗಾಗಿ ನಾವೂ ಥಾಣೆಯ ದಾರಿ ಹಿಡಿದೆವು. ಅಲ್ಲಿ ಹೊಟ್ಟೆಗೇ ಮೀಸಲಾದ ದೊಡ್ಡ ಡಾಕ್ಟರು. ವೆಯ್ಟಿಂಗ್ ಹಾಲಿನಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಒಂದು ದನಿ: "ಅರೇ ಅಣ್ಣಾ! ಆಪ್ ಇಧರ್? ಪೇಟ್ ಕಾ ಲಫ್ಡಾ ಹೈ ಕ್ಯಾ?" ಹೊಟ್ಟೆಯ ತಾಪತ್ರಯವೇ ಎಂದು ಕೇಳಿದವರು ಕಲ್ಯಾಣದ ಬಟ್ಟೆ ವ್ಯಾಪಾರಿ, ನಮ್ಮ ಮಸಾಲೆದೋಸೆಯ ಹಳೆಯ ಭಕ್ತ. ನನ್ನ ಗಂಡ ಕಣ್ಣು ಮಿಟುಕಿಸದೆ, "ನಹೀ ನಹೀ, ಮಿಸೆಸ್ ಕೋ ದಿಖಾನೇ ಲಾಯಾ" ಎಂದು, ರೋಗಿ ಇವಳೇ ಎನ್ನುವಂತೆ ನನ್ನ ಕಡೆ ಕೈ ತೋರಿಸಿಬಿಟ್ಟರು. ನಾನು ಏನು ಮಾಡಲಿ? ಹೊಟ್ಟೆ ಹಿಡಿದುಕೊಂಡು ಮುಖ ಸಣ್ಣದು ಮಾಡಿದೆ. ಶಾಲೆಯ ನಾಟಕಗಳನ್ನು ವರ್ಷ ವರ್ಷ ಆಡಿಸಿದವಳಿಗೆ ಅಷ್ಟು ಬಾರದೇ?

ಡಾಕ್ಟರ ಕೋಣೆಯೊಳಗೆ ಹೋದ ಮೇಲೂ ಇವರ ಗಮನವೆಲ್ಲ ಬಾಗಿಲು ಪೂರ್ತಿ ಮುಚ್ಚಿದೆಯೇ ಎಂಬುದರ ಮೇಲೆ. ಡಾಕ್ಟರು ಪ್ರಶ್ನೆ ಕೇಳುತ್ತಿದ್ದಾರೆ, ಇವರು ಬಾಗಿಲು ನೋಡುತ್ತಿದ್ದಾರೆ. ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ಹೋದರೆ ನನಗೆ ಸಹಿಸಲಾಗದು. ನೋವು ಎಲ್ಲಿ, ಯಾವಾಗ, ಹೇಗೆ ಎಂಬುದಕ್ಕೆಲ್ಲ ನಾನೇ ಸ್ಪಷ್ಟವಾದ, ಪೂರ್ಣ ವಾಕ್ಯಗಳಲ್ಲಿ ಉತ್ತರ ಕೊಟ್ಟೆ. ಎಲ್ಲಿ ಎಂದು ಕೇಳಿದಾಗ ನನ್ನ ಅಂಗೈಯನ್ನು ನನ್ನ ಸೀರೆಯ ನೆರಿಗೆಯ ಮೇಲೆಲ್ಲ ಆಡಿಸಿ, "ಇಡೀ ಹೊಟ್ಟೆ" ಎಂದೆ. ಇಡೀ ಹೊಟ್ಟೆಯನ್ನು ಹುಡುಕಿದರು. ಸೋನೋಗ್ರಫಿ ಆಯಿತು, ನಾರ್ಮಲ್. ಬಾಯಿಯಿಂದ ನಳಿಗೆ ಇಳಿಸಿ ನೋಡಿದ್ದಾಯಿತು, ನಾರ್ಮಲ್. ಸಿ.ಟಿ. ಸ್ಕ್ಯಾನ್ ಆಯಿತು, ಅದೂ ನಾರ್ಮಲ್. ಮಾತ್ರೆಗಳ ಬಣ್ಣ ಬದಲಾಯಿತು. ನೋವು ಮಾತ್ರ ತನ್ನ ಕೆಲಸವನ್ನು ನನ್ನಷ್ಟೇ ನಿಷ್ಠೆಯಿಂದ ಮಾಡಿಕೊಂಡು ಬಂತು.

ಇತ್ತ ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರಿಯ ಕೃಪೆಯಿಂದ ನಾನು ಘೋಷಿತ ರೋಗಿಯಾದೆ. "ಭಾಭೀ ಕೈಸೀ ಹೈ?" ಎಂಬ ವಿಚಾರಣೆ ಗಲ್ಲಾದ ಮೇಲೆ ದಿನಾ ಬೀಳುತ್ತಿತ್ತು. ಒಬ್ಬರು ಓಮದ ಪೊಟ್ಟಣ ಕಳಿಸಿದರು, ಇನ್ನೊಬ್ಬರು ಕೊಕಂ ಶರಬತ್ತು. ನಾನು ಎಲ್ಲವನ್ನೂ ವಿನಯದಿಂದ ಸ್ವೀಕರಿಸಿ ಸಂಜೆ ಇವರಿಗೆ ಕುಡಿಸುತ್ತಿದ್ದೆ.

ಇಷ್ಟೆಲ್ಲ ನಗುನಗುತ್ತ ಬರೆಯುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ಪ್ರತಿ ಸಲ "ನಾರ್ಮಲ್" ಬಂದಾಗ ಇವರು ಸಿಹಿ ಹಂಚುವವರ ಹಾಗೆ ಊರಿನ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದರು. ನನಗೆ ಮಾತ್ರ ಭಯ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಎಲ್ಲವೂ ಸರಿಯಿದ್ದರೆ ಎದ್ದು ನಿಲ್ಲುವಾಗ ಇವರು ಮೇಜಿನ ಅಂಚು ಯಾಕೆ ಹಿಡಿಯುತ್ತಾರೆ? ಯಂತ್ರಗಳ ಕಣ್ಣಿಗೂ ಬೀಳದ ಹಾಗೆ ಏನೋ ಅಡಗಿ ಕೂತಿದೆಯೇ? ಒಂದು ಪದ ನಮ್ಮ ಮನೆಯೊಳಗೆ ಓಡಾಡುತ್ತಿತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಭಯವಾದಾಗಲೆಲ್ಲ ನಾನು ಕಪಾಟು ಸರಿಮಾಡುತ್ತೇನೆ. ಈ ವರ್ಷ ನಮ್ಮ ಮನೆಯ ಕಪಾಟುಗಳಷ್ಟು ಚಂದದ ಕಪಾಟುಗಳು ಇಡೀ ಸೊಸೈಟಿಯಲ್ಲಿ ಇರಲಿಲ್ಲ.

ಮಹಾಪೆಯ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಮಗಳು ಸ್ಮಿತಾ ಒಂದು ದಿನ ಜೋಡಿಸಿಟ್ಟ ಮಸಾಲೆ ಡಬ್ಬಿಗಳನ್ನು ನೋಡಿದಳು, ನನ್ನ ಮುಖ ನೋಡಿದಳು. "ಅಮ್ಮಾ, ಬಸ್ ಹೋ ಗಯಾ ಅಬ್, ಇನ್ನು ಸಾಕು. ಸೀವುಡ್ಸ್‌ನಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆ, ಮೈಸೂರಿನವರು. ನನ್ನ ಟೀಮಿನ ಹುಡುಗಿ ತನ್ನ ಅಮ್ಮನನ್ನು ತೋರಿಸಿದ್ಳು. ಪಪ್ಪಾ, ಉಧರ್ ಆಪ್ಕೋ ಕೋಈ ನಹೀ ಪಹಚಾನೇಗಾ, ಗುರುತಿನವರು ಒಬ್ಬರೂ ಇರಲ್ಲ" ಎಂದು ಮಂಗಳವಾರದ ನಾಲ್ಕು ಗಂಟೆಗೆ ಹೆಸರು ಬರೆಸಿದಳು. ಆ ಮಂಗಳವಾರವೇ ಈ ಮಂಗಳವಾರ. ಎರಡಕ್ಕೆ ಮನೆ ಬಿಟ್ಟು, ಥಾಣೆಯಲ್ಲಿ ಗಾಡಿ ಬದಲಿಸಿ, ಮೂರೂವರೆಗೆ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೆವು. ಇವರು ಕೂತವರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿ, "ಎಲ್ಲ ಹೊಸಬರು" ಎಂದು ನನ್ನ ಕಿವಿಯಲ್ಲಿ ಹೇಳಿ, ಕಾಲು ಚಾಚಿದರು.

ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. "ಹೇಳಿ, ಏನ್ ತೊಂದ್ರೆ?" ಅಂದಳು.

"ಕಳೆದ ಮಳೆಗಾಲದಿಂದ ಇವರಿಗೆ..." ಎಂದು ನಾನು ಶುರುಮಾಡಿದೆ.

"ಮೇಡಂ, ನೋವು ನಿಮಗಾ, ಅವರಿಗಾ?"

"ಅವರಿಗೆ."

"ಹಾಗಾದ್ರೆ ಅವರೇ ಹೇಳ್ಲಿ. ನೀವು ಐದು ನಿಮಿಷ ಮಾತಾಡ್ದೆ ಸುಮ್ನೆ ಕೂತ್ಕೊಳಿ, ಪ್ಲೀಸ್."

ಈ ವಾಕ್ಯವನ್ನು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೆಯೋ, ನನಗೆ ಯಾರೂ ಹೇಳಿರಲಿಲ್ಲ. ಬಾಯಿ ಮುಚ್ಚಿ ಕೈ ಕಟ್ಟಿ ಕೂತೆ. ಇವರು ಬಾಗಿಲ ಕಡೆ ಒಮ್ಮೆ ನೋಡಿ, "ಎಂತದೂ ಇಲ್ಲ ಡಾಕ್ಟ್ರೇ, ಸ್ವಲ್ಪ ಹೀಗೆ..." ಎಂದು ರಾಗ ಎಳೆದರು.

"ಏನ್ ಕೆಲಸ ಮಾಡ್ತೀರಾ?"

"ಕಲ್ಯಾಣದಲ್ಲಿ ಸಣ್ಣ ಹೋಟೆಲು. ನೀವು ಆ ಕಡೆ ಬರುದುಂಟಾ?"

"ಇಲ್ಲಪ್ಪ. ಬಂದ್ರೂ ನಾನು ಹೋಟೆಲಲ್ಲಿ ತಿನ್ನೋದೇ ಇಲ್ಲ. ಎಲ್ಲಿ ಹೋದ್ರೂ ಡಬ್ಬಿ ತಗೊಂಡೇ ಹೋಗ್ತೀನಿ."

ಹೋಟೆಲಿಗೆ ಕಾಲಿಡದ ಮನುಷ್ಯರೂ ಭೂಮಿಯ ಮೇಲಿದ್ದಾರಲ್ಲ ಎಂಬ ದುಃಖ ಇವರ ಮುಖದ ಮೇಲೆ ಒಂದು ಕ್ಷಣ ಹಾದುಹೋಯಿತು. ಮರುಕ್ಷಣ, ಕಳೆದುಕೊಳ್ಳಲು ಇಲ್ಲಿ ಗಿರಾಕಿಯೇ ಇಲ್ಲ ಎಂದು ಹೊಳೆದಿರಬೇಕು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಮಾತಿಗೆ ಇಳಿದರು ನೋಡಿ! "ಇಡೀ ಹೊಟ್ಟೆ ಅಲ್ಲ ಡಾಕ್ಟ್ರೇ, ಇಲ್ಲಿ ಮಾತ್ರ" ಎಂದು ಹೊಕ್ಕುಳಿನ ಬಲಕ್ಕೆ ಒಂದೇ ಬೆರಳಿಟ್ಟರು. "ಉದ್ದಿನವಡೆಯ ತೂತಿನಷ್ಟು ಜಾಗ. ಉಂಡದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎದ್ದರೆ, ಬಗ್ಗಿದರೆ, ಕೆಮ್ಮಿದರೆ ಸೂಜಿ ಹಾಕಿದ ಹಾಗೆ ಆಗ್ತದೆ."

"ಇದನ್ನ ಇಷ್ಟು ದಿನ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಅವರು ಕೇಳಿ ಮುಗಿಸುವಷ್ಟರಲ್ಲಿ ಇವಳು ಹೇಳಿ ಆಗಿರ್ತಿತ್ತು."

ನನಗೆ ಕೊಟ್ಟ ಐದು ನಿಮಿಷ ಮುಗಿಯಿತೇ ಎಂದು ನಾನು ಗಡಿಯಾರ ನೋಡಿದೆ.

ಡಾಕ್ಟರು ಇವರನ್ನು ಅಂಗಾತ ಮಲಗಿಸಿ, ತೋರಿಸಿದ ಜಾಗದ ಮೇಲೆ ಬೆರಳಿಟ್ಟು, "ಕೈ ಎದೆ ಮೇಲೆ ಕಟ್ಕೊಂಡು ತಲೆ ಮಾತ್ರ ಮೇಲಕ್ಕೆತ್ತಿ" ಅಂದಳು. ಇವರು ತಲೆ ಎತ್ತಿದರು, ಅವಳು ಒತ್ತಿದಳು, ಇವರು "ಅಯ್ಯಮ್ಮಾ!" ಎಂದು ಕೂಗಿದರು. ಅವಳು ನಕ್ಕಳು. ಆ ನಗುವಿಗೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಬೇಕು ಅನ್ನಿಸಿತು ನನಗೆ. ಆದರೆ ಅವಳು ಹಳೆಯ ರಿಪೋರ್ಟುಗಳನ್ನೆಲ್ಲ ಇನ್ನೊಮ್ಮೆ ನಿಧಾನವಾಗಿ ನೋಡಿ ಹೇಳಿದಳು: "ಒಳಗಿನ ನೋವಾಗಿದ್ರೆ ಹೀಗೆ ಹೊಟ್ಟೆ ಬಿಗಿ ಹಿಡಿದಾಗ ಸಾಮಾನ್ಯವಾಗಿ ಕಮ್ಮಿ ಆಗುತ್ತೆ. ಇವರಿಗೆ ಜಾಸ್ತಿ ಆಗ್ತಿದೆ. ಇದು ಹೊಟ್ಟೆ ಒಳಗಿಂದಲ್ಲ, ಹೊಟ್ಟೆಯ ಗೋಡೇದು. ಅಲ್ಲೊಂದು ಸಣ್ಣ ನರ ಸಿಕ್ಕಿಹಾಕ್ಕೊಂಡಿರೋ ಹಾಗಿದೆ. ಸ್ಕ್ಯಾನಲ್ಲೆಲ್ಲ ಕಾಣಲ್ಲ."

"ಅಂದರೆ... ಅದು ಅಲ್ಲವೇ?" ಎಂದೆ. ಪೂರ್ಣ ವಾಕ್ಯಗಳ ಟೀಚರಿಗೆ ಅಷ್ಟೇ ಬಾಯಿಂದ ಹೊರಟದ್ದು.

"ಯಾವುದು?" ಎಂದು ಕೇಳಿದವಳು ನನ್ನ ಮುಖ ನೋಡಿ ದನಿ ಇಳಿಸಿದಳು. "ಅದಲ್ಲ ಅಮ್ಮಾ. ಅದರ ಸುಳಿವೇ ಇಲ್ಲ. ಎಲ್ಲಾ ನೋಡಿದೀನಿ."

ಗೋಡೆಯ ಕ್ಯಾಲೆಂಡರ್ ಸೊಟ್ಟಗೆ ತೂಗುತ್ತಿತ್ತು. ನಾನು ಎದ್ದು ಹೋಗಿ ಅದನ್ನು ಸರಿಮಾಡಿದೆ. ಸರಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರೂ ನನ್ನನ್ನು ಕರೆಯಲಿಲ್ಲ.

ನೋವಿದ್ದ ಜಾಗಕ್ಕೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ತಲೆ ಎತ್ತಿಸಿ ಒತ್ತಿದಳು. ಇವರು ಕೂಗಲು ಬಾಯಿ ತೆರೆದವರು ತೆರೆದ ಹಾಗೆಯೇ ಉಳಿದರು. "ಎಂತದೂ ಇಲ್ಲ!" ಅಂದರು. "ನಿಜ ಹೇಳಿ" ಎಂದೆ ನಾನು. "ದೇವರಾಣೆ ಮಾರಾಯ್ತಿ!" ಡಾಕ್ಟರು, ಇದು ಮತ್ತೆ ಬರಬಹುದು, ಇನ್ನೂ ಒಂದೆರಡು ಸಲ ಇಂಜೆಕ್ಷನ್ ಬೇಕಾದೀತು, ಮೂರು ವಾರ ಬಿಟ್ಟು ಬನ್ನಿ, ಗಾಬರಿ ಮಾತ್ರ ಬೇಡ ಎಂದಳು. ಏಕೆ ಬಂತು ಎಂದದ್ದಕ್ಕೆ, ಇಂಥದ್ದೇ ಕಾರಣ ಅಂತ ಹೇಳೋದು ಕಷ್ಟ ಎಂದಳು. "ಗಲ್ಲಾದ ಅಂಚಿಗೆ ಹೊಟ್ಟೆ ಆನಿಸಿ ನಿಲ್ಲುದು ನಾನು, ಮೂವತ್ತು ವರ್ಷದಿಂದ" ಎಂದು ಇವರು ಸೂಚಿಸಿದರು. "ಇರಬಹುದೇನೋ" ಎಂದಳು. ಅಷ್ಟು ಸಾಕಾಯಿತು ಇವರಿಗೆ. ಗಡಿಯಲ್ಲಿ ಗುಂಡೇಟು ತಿಂದವರ ಠೀವಿಯಲ್ಲಿ ಮೆಟ್ಟಿಲಿಳಿದರು. ಸ್ಟೇಷನ್ನಿನಲ್ಲಿ ಗಾಡಿ ಬರುವ ಮೊದಲೇ ಬಟ್ಟೆ ವ್ಯಾಪಾರಿಗೆ ಫೋನ್: "ಹಾಂ, ಮಿಸೆಸ್ ಕಾ ಪೇಟ್ ಏಕ್ದಮ್ ಠೀಕ್! ಅಂದರ್ ಕುಛ್ ನಹೀ ಥಾ!" ಒಳಗೆ ಏನೂ ಇರಲಿಲ್ಲವಂತೆ!

ಮನೆ ಮುಟ್ಟಿದಾಗ ಏಳು ಗಂಟೆ. ಇವರಿಗೆ ಸಾರನ್ನ ಬಡಿಸಿದೆ, ಉಂಡರು. ಮಲಗಿಸಿ, ಕೈ ಕಟ್ಟಿಸಿ, ತಲೆ ಎತ್ತಿಸಿ ಒತ್ತಿದೆ. ನೋವಿಲ್ಲ. ನನ್ನ ಬೆರಳು ಸರಿಯಾದ ಜಾಗದಲ್ಲಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಮ್ಮೆ. ನೋವಿಲ್ಲ. ಆಫೀಸಿನಿಂದ ಫೋನ್ ಮಾಡಿದ ಸ್ಮಿತಾಳಿಗೆ ಖಚಿತ ವರದಿ ಕೊಡಲು ಮತ್ತೊಮ್ಮೆ. "ಇನ್ನೊಂದು ಸಲ ತಲೆ ಎತ್ತಿಸಿದ್ರೆ ನಾಳೆ ಕುತ್ತಿಗೆಯ ಡಾಕ್ಟರನ್ನು ಹುಡುಕ್ಬೇಕಾಗ್ತದೆ ನೋಡು" ಎಂದು ಬಯ್ದು, ಮಗ್ಗುಲಾಗಿ, ಅದೂ ಬಲಮಗ್ಗುಲಾಗಿ, ಎಂಟಕ್ಕೆಲ್ಲ ಗೊರಕೆ ಹೊಡೆಯತೊಡಗಿದರು.

ಆ ಗೊರಕೆಯನ್ನು ಸ್ವಲ್ಪ ಹೊತ್ತು ಕೇಳುತ್ತ ಕೂತೆ. ಆಮೇಲೆ ನಾನೂ ಅಂಗಾತ ಮಲಗಿ, ಕೈ ಕಟ್ಟಿ, ತಲೆ ಎತ್ತಿ, ನನ್ನ ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ಒತ್ತಿ ನೋಡಿದೆ. ಏನೋ ಇತ್ತು. ಒಂದು ಜಾಗದಲ್ಲಿ ಅಂತ ತೋರಿಸುವಂತಿರಲಿಲ್ಲ, ಇಡೀ ಹೊಟ್ಟೆಯಲ್ಲಿ ಸಂಕಟ. ಎದ್ದು ಕೂತು, ಎಂದಿನಿಂದ, ಹೇಗೆ, ಯಾವಾಗ ಎಂದು ನನ್ನನ್ನೇ ಕ್ರಮವಾಗಿ ಪ್ರಶ್ನಿಸಿಕೊಂಡ ಮೇಲೆ ತಿಳಿಯಿತು, ಹೊರಡುವ ಆತಂಕದಲ್ಲಿ ಬೆಳಗಿನ ಎರಡು ಇಡ್ಲಿ ಬಿಟ್ಟರೆ ನಾನು ಇವತ್ತು ಏನೂ ತಿಂದಿಲ್ಲ. ಒಂದು ಗಂಟೆಯ ಊಟವನ್ನು ಒಂದು ಗಂಟೆಗೇ ಉಣ್ಣುವವಳು ಹಸಿವನ್ನು ಗುರುತು ಹಿಡಿಯಲಿಲ್ಲ. ಅಡುಗೆಕೋಣೆಗೆ ಹೋಗಿ, ಮೊಸರನ್ನ ಕಲಸಿ, ಕಟ್ಟೆಗೆ ಒರಗಿ ನಿಂತೇ ಉಂಡೆ. ತಟ್ಟೆ ತೊಳೆದು ಕವುಚಿ ಹಾಕಿದೆ.