ಬೀಡಿ ಬಿಟ್ಟವನ ಪಾಲಿಗೆ ಎಂಟು ಮಗ್ಗ

ತೊಂದರೆ ಶುರುವಾದದ್ದು ಕೆಮ್ಮಿನಿಂದ.

ಬನಹಟ್ಟಿಯ ನೇಕಾರ ಹುಲೆಪ್ಪನ ಕೆಮ್ಮು ಅಂತಿಂಥದ್ದಲ್ಲ. ಅದು ಹೊಟ್ಟೆಯ ಆಳದಲ್ಲೆಲ್ಲೋ ಹೊರಟು, ಎದೆಯಲ್ಲಿ ಒಂದಿಷ್ಟು ಹೊತ್ತು ಕೂತು ದಣಿವಾರಿಸಿಕೊಂಡು, ಸಾವಕಾಶವಾಗಿ ಗಂಟಲಿಗೆ ಬರುತ್ತಿತ್ತು. ಅದು ಬಂದು ಮುಟ್ಟುವಷ್ಟರಲ್ಲಿ ಮನೆಯವರೆಲ್ಲ ಎದ್ದು ಕೂತಿರುತ್ತಿದ್ದರು. ಗೋಡೆಯಾಚೆಯ ಮರೆವ್ವ ಮುದುಕಿ ಅಲ್ಲಿಂದಲೇ ಒಂದು ಬೈಗಳ ಒಗೆದು ಮಗ್ಗಲು ಬದಲಿಸುತ್ತಿದ್ದಳು. ಹೆಂಡತಿ ಇಂದ್ರವ್ವ ಚಾಪೆ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ಮಲಗತೊಡಗಿದಳು. ಹುಲೆಪ್ಪನಿಗಂತೂ ನೆಟ್ಟಗೆ ನಿದ್ದೆ ಮಾಡಿದ್ದು ಯಾವಾಗ ಎಂಬುದೇ ಮರೆತುಹೋಗಿತ್ತು.

ಕೊನೆಗೆ ಜಮಖಂಡಿಯ ಡಾಕ್ಟರೊಬ್ಬರು ಎದೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, 'ಈಗ ಬೀಡಿ ಬಿಟ್ರ ಎದಿ ಸುಧಾರಿಸ್ತದ. ಬಿಡಲಿಲ್ಲಂದ್ರ ನಾ ಏನೂ ಹೇಳೂದಿಲ್ಲ' ಅಂದರು. ಏನೂ ಹೇಳುವುದಿಲ್ಲ ಎಂಬ ಮಾತಿಗೇ ಹುಲೆಪ್ಪ ಹೆಚ್ಚು ಹೆದರಿದ.

'ಬಿಡಾಕ ನೋಡೇನ್ರಿ. ಕೈ ತಾನ ಕಿಸೇಕ ಹೋಗ್ತೈತ್ರಿ' ಅಂದ.

'ಸೇದಬೇಕನ್ನೂ ಆಶಾ ಒಮ್ಮಿಗೇ ಬರ್ತದ. ಸ್ವಲ್ಪ ಹೊತ್ತು ಕುಣಿಸ್ತದ, ತಾನ ಹೋಗ್ತದ. ಅಲ್ಲೀಮಟ ತಡೀಬೇಕು. ನೀರು ಕುಡೀರಿ. ಉದ್ದ ಉಸಿರು ಎಳಕೊಳ್ರಿ. ಕೈಗೆ ಏನರ ಕೆಲಸ ಹಚ್ರಿ. ಖಾಲಿ ಕೈಗೇ ಬೀಡಿ ನೆನಪಾಗೂದು.'

ಊರಿಗೆ ಮರಳುವ ಬಸ್ಸಿನಲ್ಲಿ ಇಂದ್ರವ್ವ ಕಿಟಕಿಯ ಹೊರಗಿನ ಕಬ್ಬು ನೋಡುತ್ತಲೇ ತನ್ನ ಔಷಧವನ್ನೂ ಹೇಳಿದಳು.

'ಇನ್ನ ಒಂದ ಬೀಡಿ ಸೇದಿದ್ದು ಗೊತ್ತಾತಂದ್ರ ನಾ ತವರಮನಿಗೆ ಹೋಗ್ತೇನಿ. ಆಮ್ಯಾಲ ನೀವು, ನಿಮ್ಮ ಕೆಮ್ಮು ಇಬ್ರೂ ಆರಾಮ ಇರ್ರಿ.'

ಅಷ್ಟಕ್ಕೇ ಬಿಡಲಿಲ್ಲ. ಗಲಗಲಿಯ ತವರುಮನೆಯಿಂದ ಬಂದು ಇವರಲ್ಲೇ ಉಳಿದಿದ್ದ ತಮ್ಮ ಕಲ್ಮೇಶನನ್ನು ಗಂಡನ ಮೇಲೆ ಕಾವಲಿಟ್ಟಳು. ಹುಲೆಪ್ಪನೇ ಕೈಕಾಲು ಹಿಡಿದು ಈ ಹುಡುಗನನ್ನು ತಾನು ದುಡಿಯುವ ಗಿರಿಮಲ್ಲಪ್ಪ ಸಾವುಕಾರರ ಶೆಡ್ಡಿಗೆ ಸೇರಿಸಿದ್ದ. ಕಲ್ಮೇಶನೂ ಬೀಡಿ ಸೇದುತ್ತಿದ್ದ. ಅದು ಅಕ್ಕನಿಗೆ ಗೊತ್ತಿರಲಿಲ್ಲ, ಭಾವನಿಗೆ ಗೊತ್ತಿತ್ತು. ಆದರೆ ಭಾವ ಅದನ್ನು ಬಾಯಿ ಬಿಟ್ಟರೆ ಕಲಿಸಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಹೀಗಾಗಿ ಇಬ್ಬರೂ ಗಪ್‌ಚಿಪ್.

ಇದು ಅಮಾವಾಸ್ಯೆ ರಜೆಯ ದಿನದ ಮಾತು. ಆಮೇಲಿನ ದಿನಗಳನ್ನು ಹುಲೆಪ್ಪ ಹೇಗೆ ನೂಕಿದನೋ ದೇವರೇ ಬಲ್ಲ. ಅಂತೂ ನೂಕಿದ. ಗುರುವಾರದ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟದ್ದೇ ತಡ, ಮೈಯೊಳಗಿನ ನರಗಳೆಲ್ಲ ಒಟ್ಟಾಗಿ ಒಂದು ಬೀಡಿ ಕೇಳಿದವು. ಕೈ ಕಿಸೆಗೆ ಹೋಯಿತು. ಕಿಸೆ ಖಾಲಿ ಇತ್ತು.

ಖಾಲಿ ಕಿಸೆಯನ್ನು ತುಂಬಲು ಓಣಿ ಕಾಯುತ್ತಲೇ ಇತ್ತು. ಹೊಸ್ತಿಲು ದಾಟಿದೊಡನೆ ಮರೆವ್ವ ಹಿಡಿದಳು.

'ಹುಲ್ಯಾ, ಈ ಲವಂಗ ತಗೊ. ಆಶಾ ಬಂದಾಗೊಮ್ಮೆ ಒಂದ ಕಡೀ. ನನ್ನ ಗಂಡ ಹಿಂಗ ಬಿಟ್ಟಿದ್ದ.'

'ಬಿಟ್ಟನೇನು ಅಜ್ಜ?'

'ಎಲ್ಲಿ ಬಿಟ್ಟ? ಲವಂಗಾನೂ ತಿಂದ, ಬೀಡೀನೂ ಸೇದಿದ. ಆದರ ಲವಂಗ ಛಲೋ ತಗೊ.'

ಮುಂದಿನ ಮನೆಯವರು ಓಮಿನಕಾಳು ಕೊಟ್ಟರು. ಅದರ ಮುಂದಿನವರು ಒಣಗಿಸಿದ ನೆಲ್ಲಿಕಾಯಿ ಕೊಟ್ಟರು. ಕಿರಾಣಿ ಅಂಗಡಿಯವನು, ಮೊನ್ನೆಮೊನ್ನೆಯವರೆಗೂ ಇವನಿಗೆ ಬೀಡಿ ಕಟ್ಟು ಮಾರಿದವನು, ಬೆಲ್ಲದ ಚೂರು ಕೈಗಿಟ್ಟು ಬೆನ್ನು ತಟ್ಟಿದ. ಎಲ್ಲರೂ ಕಣ್ಣೆದುರಿಗೇ ಬಾಯಿಗೆ ಹಾಕಿಕೊಳ್ಳಲು ಒತ್ತಾಯಿಸಿದ್ದರಿಂದ ಶೆಡ್ಡು ಮುಟ್ಟುವ ಹೊತ್ತಿಗೆ ಅವನ ಬಾಯಿ ಉರಿಯುತ್ತಿತ್ತು. ಬೀಡಿಯ ಆಸೆ ಮಾತ್ರ ಇದ್ದಲ್ಲೇ ಇತ್ತು.

ಶೆಡ್ಡಿನಲ್ಲಿ ನಾಲ್ಕು ಜನ, ಎಂಟು ಮಗ್ಗ. ತಲೆಗೆ ಎರಡೆರಡು. ವಿದ್ಯುತ್ತಿನ ಮಗ್ಗಗಳೇ ಆದರೂ ಅವನ್ನು ಬಿಟ್ಟು ಕೂಡುವಂತಿಲ್ಲ. ಎಳೆ ಹರಿದರೆ ಗಂಟು ಹಾಕಬೇಕು, ಲಾಳಿಯ ನೂಲು ಮುಗಿದರೆ ಬದಲಿಸಬೇಕು, ಇಲ್ಲದಿದ್ದರೆ ಸೀರೆಯಲ್ಲಿ ತೂತು ಬೀಳುತ್ತದೆ. ನೂಲಿಗೆ ಬೆಂಕಿ ತಾಗಬಾರದೆಂದು ಬೀಡಿ ಸೇದುವವರು ಹಿತ್ತಲಿನ ಬೇವಿನ ಗಿಡದ ಕೆಳಗೆ ಹೋಗಬೇಕು. ಹೋಗುವವನು ಪಕ್ಕದವನ ಹೆಗಲು ಮುಟ್ಟುತ್ತಾನೆ, ಪಕ್ಕದವನು ಅವನ ಜೋಡಿ ಮಗ್ಗವನ್ನೂ ನೋಡಿಕೊಳ್ಳುತ್ತಾನೆ. ಅವನು ಬಂದ ಮೇಲೆ ಇವನು ಹೋಗುತ್ತಾನೆ. ಆ ಕೆಲಸದಲ್ಲಿ ದುಡಿಯುವವರಿಗೆ ಇದ್ದ ವಿಶ್ರಾಂತಿ ಎಂದರೆ ಅದೊಂದೇ. ಬೀಡಿ ಬಿಡುವಾಗ ಹುಲೆಪ್ಪ ಎದೆಯ ವಿಚಾರ ಮಾಡಿದ್ದ, ಕಾಲುಗಳ ವಿಚಾರ ಮಾಡಿರಲಿಲ್ಲ.

ಅವತ್ತು ಶೆಡ್ಡಿನಲ್ಲಿ ಮೊದಲ ಆಸೆ ಬಂದಾಗ ಡಾಕ್ಟರ ಮಾತಿನಂತೆ ಒಂದು ತಂಬಿಗೆ ನೀರು ಕುಡಿದ. ಎರಡನೆಯ ಸಲ ಇನ್ನೊಂದು ತಂಬಿಗೆ. ಮೂರನೆಯ ಸಲ ಆಸೆಗಿಂತ ಮೊದಲು ನೀರೇ ಅವಸರ ಮಾಡಿತು. ಓಡಿಹೋಗಿ ಬರುವಷ್ಟರಲ್ಲಿ ಎಳೆ ಹರಿದು, ಸೀರೆಯ ಸೆರಗಿನಲ್ಲಿ ಇಲಿ ಕಡಿದಂತೆ ಕಿಂಡಿ ಬಿದ್ದಿತ್ತು.

'ಬೀಡಿ ಸೇದಾಕ ಹೋದ್ರೂ ಇಷ್ಟ ಸಲ ಹೋಗ್ತಿರಲಿಲ್ಲ ನೀ' ಅಂದ ಪಕ್ಕದ ಮಗ್ಗದ ನಿಂಗಣ್ಣ. 'ನನ್ನ ಮಾತ ಕೇಳು. ಬೀಡಿ ಬಿಡಾಕ ತಂಬಾಕ ಬಾಳ ಛಲೋ. ಒಂದ ಚಿಟಿಕಿ ಸುಣ್ಣ ಹಚ್ಚಿ ಗಲ್ಲದಾಗ ಇಟ್ಟಕೊ.'

'ಅದನ್ನ ಬಿಡಾಕ ಏನ್ ಮಾಡ್ಲಿ?'

'ಅದಕ್ಕ ಬೀಡಿ ಐತೆಲ್ಲ' ಅಂದ ನಿಂಗಣ್ಣ, ನಗದೆ.

ನೀರು ಕೈಕೊಟ್ಟಿದ್ದರಿಂದ ಹುಲೆಪ್ಪ ಉಸಿರಿಗೆ ಬಂದ. ಕಣ್ಣು ಮುಚ್ಚಿ ಎದೆ ತುಂಬ ಗಾಳಿ ಎಳೆದ. ಡಾಕ್ಟರ ಕೋಣೆಯಲ್ಲಿ ಗಾಳಿ ಹೇಗಿರುತ್ತದೋ ಏನೋ, ಮಗ್ಗದ ಶೆಡ್ಡಿನಲ್ಲಿ ಅರ್ಧ ಗಾಳಿ, ಅರ್ಧ ಹತ್ತಿ. ಅದೆಲ್ಲ ಗಂಟಲಿಗೆ ಮೆತ್ತಿಕೊಂಡು, ಹಳೆಯ ಕೆಮ್ಮಿನ ಅಣ್ಣನಂಥ ಕೆಮ್ಮು ಬಂತು. ಮಗ್ಗಗಳ ಸದ್ದನ್ನೂ ಮೀರಿ ಅದು ಕೇಳಿದ್ದರಿಂದ ಕಾವಲುಗಾರ ಕಲ್ಮೇಶ ಓಡಿಬಂದ. ಬಂದವನು ಬೆನ್ನು ಸವರಲಿಲ್ಲ, ಬಾಯಿ ಮೂಸಿದ.

'ಭಾವಾ, ಲವಂಗದ ವಾಸನಿ ಬರಾಕತ್ತೈತಿ.'

'ಲವಂಗ ತಿಂದೇನಿ, ಅದಕ್ಕ ಬರಾಕತ್ತೈತಿ.'

'ಯಾಕ ತಿಂದ್ರಿ? ಒಳಗಿನ ವಾಸನಿ ಮುಚ್ಚಾಕ ಹೌದಿಲ್ಲೋ?' ಹೀಗೆ ಕೇಳಿದವನ ಕಿವಿಯ ಮೇಲೆಯೇ ಒಂದು ಬೀಡಿ ಕೂತಿತ್ತು.

ಹುಲೆಪ್ಪ ಹರಿದ ಎಳೆಗೆ ಗಂಟು ಹಾಕಲು ತಿರುಗಿದ. ಜಗಳಕ್ಕೂ ಒಂದಿಷ್ಟು ಕಸುವು ಬೇಕು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವನಿಗೆ ಅಳು ಬರುವಂತಾಗಿತ್ತು. ಒಂದೇ ಒಂದು ಸೇದಿಬಿಟ್ಟರೆ ಎಲ್ಲ ಮುಗಿಯುತ್ತದೆ ಅನ್ನಿಸಿತು. ಮುಗಿಯುವುದು ಬೀಡಿಯೋ ತಾನೋ ಎಂಬ ಅನುಮಾನವೂ ಜೊತೆಗೇ ಬಂತು.

ಆಗ ನಿಂಗಣ್ಣ ಹೆಗಲು ಮುಟ್ಟಿದ. 'ನೀ ಹೆಂಗಿದ್ರೂ ಹೊರಗ ಬರೂದಿಲ್ಲ. ನನ್ನವೂ ಎರಡ ನೋಡ್ಕೊ. ಈಗ ಬಂದೆ.'

ಈಗ ಬರಲಿಲ್ಲ. ತಿರುಗಿ ಬಂದು ಹುಲೆಪ್ಪನನ್ನು ಬೇವಿನ ಕೆಳಗೆ ಕಳಿಸಬೇಕಾದ ಅವಸರ ಅವನಿಗಿರಲಿಲ್ಲ. ಇವನು ಹೋಗುವವನೇ ಅಲ್ಲವಲ್ಲ. ಆಚೆ ಸಾಲಿನ ಸಿದರಾಯ ತಾನ್ಯಾಕೆ ದುಡಿಯಬೇಕೆಂದು ಬಂದು ಹೆಗಲು ಮುಟ್ಟಿದ. ಕೊನೆಗೆ ಕಲ್ಮೇಶ ಮೊಬೈಲು ತೋರಿಸುತ್ತ ಬಂದ. ಹಿಪ್ಪರಗಿಯ ಶೀತಲ ಎಂಬ ಹುಡುಗಿಯೊಂದಿಗೆ ಅವನ ಸಂಬಂಧ ಕುದುರಿತ್ತು, ಭಾನುವಾರ ಅವರ ಕಡೆಯವರು ತಾರೀಖು ಗೊತ್ತು ಮಾಡಲು ಬರುವವರಿದ್ದರು. ಅಲ್ಲಿಯವರೆಗೆ ದಿನಕ್ಕೆ ಎಷ್ಟು ಸಲ ಮಾತಾಡಿದರೂ ಅವನಿಗೆ ಸಾಲುತ್ತಿರಲಿಲ್ಲ.

'ಭಾವಾ, ಎರಡ ನಿಮಿಷ. ನಿಮಗೂ ಕೈಗೆ ಕೆಲಸ ಬೇಕಂದಾರಲ್ಲ ಡಾಕ್ಟರು' ಅಂದು ಹೊರಬಿದ್ದ.

ಈಗ ಎಂಟು ಮಗ್ಗಕ್ಕೆ ಹುಲೆಪ್ಪನೊಬ್ಬನೇ. ಈ ತುದಿಯಲ್ಲಿ ಎಳೆ ಹರಿದರೆ ಆ ತುದಿಯಲ್ಲಿ ನೂಲು ಮುಗಿಯುತ್ತಿತ್ತು. ಅಲ್ಲಿ ಗಂಟು ಹಾಕಿ ಇಲ್ಲಿಗೆ ಓಡಿದರೆ ನಡುವಿನದು ನಿಂತಿರುತ್ತಿತ್ತು. ಲುಂಗಿ ಮೇಲೆ ಕಟ್ಟಿ, ಕೂಸುಗಳೆಂಟನ್ನು ಒಬ್ಬಳೇ ಸಾಕುವ ಬಾಣಂತಿಯಂತೆ ಅವನು ಸಾಲಿನಿಂದ ಸಾಲಿಗೆ ಓಡಾಡಿದ. ಅಂಗಾಲು ಉರಿಯುತ್ತಿದ್ದವು, ಬೆನ್ನು ಸೆಟೆದುಹೋಗಿತ್ತು. ಬೀಡಿಯ ಆಸೆ ಒಮ್ಮೆ ಬಂತು. ಬಂದು ನೋಡಿದರೆ ಕೈ ಖಾಲಿ ಇಲ್ಲ. ಕಾದು ಕಾದು ಹೊರಟುಹೋಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಿರಿಮಲ್ಲಪ್ಪ ಸಾವುಕಾರರು ಮುಧೋಳದ ವ್ಯಾಪಾರಿಯೊಬ್ಬನಿಗೆ ಸೀರೆ ತೋರಿಸಲು ಕರೆದುಕೊಂಡು ಬಂದರು. ಬಾಗಿಲಲ್ಲೇ ನಿಂತರು. ಎಂಟೂ ಮಗ್ಗ ನಡೆದಿದ್ದವು. ಆಳು ಒಬ್ಬನೇ ಕಂಡ. ವ್ಯಾಪಾರಿಯನ್ನು ಮರೆತು ಅವರು ಬಹಳ ಹೊತ್ತು ನೋಡಿದರು. ಬೇವಿನ ಕೆಳಗಿನವರಿಗೆ ಇವತ್ತು ಸರಿಯಾಗಿ ಆಗುತ್ತದೆ ಎಂದು ಹುಲೆಪ್ಪನಿಗೆ ಸಣ್ಣ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

'ಒಬ್ಬನ ಎಂಟೂ ನೋಡಾಕತ್ತಿಯೇನು?' ಸಾವುಕಾರರು ಕಿವಿಯ ಹತ್ತಿರ ಬಂದು ಕೇಳಿದರು.

'ಹೌದ್ರಿ.'

'ತ್ರಾಸ ಆಗಂಗಿಲ್ಲ?'

ಬೀಡಿಯ ಆಸೆ ಹೊರಟುಹೋದ ಸಂತೋಷದಲ್ಲಿ ಹುಲೆಪ್ಪ ಬಾಯಿ ತಪ್ಪಿ ಅಂದ. 'ಏನಿಲ್ರಿ. ಬೀಡಿ ಬಿಟ್ಟೇನ್ರಿ. ಹಿಂಗ ಕೆಲಸ ಇದ್ರನ ನನಗ ಛಲೋರಿ.'

ಸಾವುಕಾರರು ಬೆನ್ನು ತಟ್ಟಿ ಹೋದರು. ಯಾರನ್ನೂ ಬೈಯಲಿಲ್ಲ. ಬೈಯದಿದ್ದದ್ದು ಯಾಕೆಂದು ಸಂಜೆ ಗೇಟಿನ ಬಳಿ ಗೊತ್ತಾಯಿತು.

'ಇಷ್ಟ ವರ್ಷ ನಾ ಹುಚ್ಚನಂಗ ನಾಕ ಮಂದಿ ಇಟ್ಟಕೊಂಡೇನಿ' ಅಂದರು ಸಾವುಕಾರರು, ಶಾಂತವಾಗಿ. 'ಬೀಡಿ ಬಿಟ್ಟ ಮನಷ್ಯಾ ಒಬ್ಬ ಸಾಕು. ನಾಳೆ ಮತ್ತ ಬಂದು ನೋಡ್ತೇನಿ. ಇವತ್ತಿನಂಗ ನಡದಿತ್ತಂದ್ರ, ಕಲ್ಮೇಶಾ, ನೀ ಬ್ಯಾರೆ ಕಡೆ ಕೆಲಸ ನೋಡ್ಕೊ. ಕಡೀಕ ಬಂದಾಂವ ನೀನ. ಉಳದವರದು ಆಮ್ಯಾಲ ನೋಡೂಣು.'

ಹುಲೆಪ್ಪನ ಪಗಾರದ ಸುದ್ದಿಯನ್ನು ಅವರು ಎತ್ತಲಿಲ್ಲ.

ಮನೆಯ ದಾರಿಯಲ್ಲಿ ನಾಲ್ವರೂ ಹೆಣ ಹೊತ್ತವರಂತೆ ನಡೆದರು. ಮೊದಲು ಬಾಯಿ ಬಿಟ್ಟವನು ನಿಂಗಣ್ಣ.

'ಒಂದ ದಾರಿ ಐತಿ. ನಾಳೆ ಸಾವುಕಾರ ಬರೂ ಹೊತ್ತಿನ್ಯಾಗ ಹುಲೆಪ್ಪ ಬೇವಿನ ಕೆಳಗ ಇರಬೇಕು. ಇಂವಾ ಮೊದಲಿನಂಗ ಆಗ್ಯಾನ, ಒಬ್ಬನ ಕಡಿಂದ ಎಂಟು ನಡಿಯಂಗಿಲ್ಲ ಅಂತ ಅವರಿಗೆ ಕಾಣಬೇಕು.'

'ಸುಮ್ಮನ ಹೋಗಿ ನಿಲ್ತೇನಿ ತಗೋ' ಅಂದ ಹುಲೆಪ್ಪ.

'ಸುಮ್ಮನ ನಿಂತ್ರ ಒಳಗ ನಡಿ ಅಂತಾರ. ಬಾಯಾಗಿಂದ ಹೊಗಿ ಬರಬೇಕು' ಅಂದ ಸಿದರಾಯ.

'ಆಗಂಗಿಲ್ಲ. ಡಾಕ್ಟರು ಹೇಳ್ಯಾರ. ಮ್ಯಾಲ ನಮ್ಮಾಕಿ ಸುಮ್ಮನ ಬಿಡಾಕಿ ಅಲ್ಲ. ಬೇಕಂದ್ರ ಬಂದು ಆಕೀನ್ನ ಕೇಳ್ರಿ.'

ಈ ಮಾತನ್ನು ಅವನು ಬಹಳ ಧೈರ್ಯದಿಂದ ಹೇಳಿದ. ಇಂದ್ರವ್ವನ ಮೇಲೆ ಅವನಿಗೆ ಅಷ್ಟು ಭರವಸೆ ಹಿಂದೆಂದೂ ಇರಲಿಲ್ಲ. ಎಲ್ಲರನ್ನೂ ಮುಂದೆ ಮಾಡಿಕೊಂಡು ಮನೆಗೆ ಬಂದ. ಪಡಸಾಲೆಯಲ್ಲಿ ಕಲ್ಮೇಶ ಅಳುಮೋರೆ ಮಾಡಿಕೊಂಡು ಅಕ್ಕನ ಮುಂದೆ ನಡೆದದ್ದನ್ನೆಲ್ಲ ಹೇಳಿದ. ತಾನು ಬೇವಿನ ಕೆಳಗೆ ಏನು ಮಾಡುತ್ತಿದ್ದೆ ಎಂಬುದೊಂದನ್ನು ಬಿಟ್ಟು.

ಇಂದ್ರವ್ವ ಗೋಡೆಗೆ ಒರಗಿ ನಿಂತಳು. ತಾಯಿ ಸತ್ತಾಗ ಈ ತಮ್ಮ ತೊಟ್ಟಿಲಲ್ಲಿದ್ದ, ಅವಳೇ ಎತ್ತಿ ಬೆಳೆಸಿದ್ದಳು.

'ನೌಕರಿ ಹೋದ ಹುಡುಗಗ ಹಿಪ್ಪರಗಿಯವರು ಹೆಣ್ಣ ಕೊಡ್ತಾರೇನು?' ಎಂದು ಕೇಳಿದಳು.

ಅಷ್ಟರಲ್ಲಿ ಹುಲೆಪ್ಪನಿಗೆ ಒಂದು ಸಂಗತಿ ಹೊಳೆಯಿತು. ಮಧ್ಯಾಹ್ನದಿಂದ ಅವನಿಗೆ ಬೀಡಿಯ ನೆನಪೇ ಆಗಿರಲಿಲ್ಲ. ಕೆಮ್ಮೂ ಬಂದಿರಲಿಲ್ಲ. ಎದೆ ಹಗುರಾಗಿತ್ತು, ಕಣ್ಣಿಗೆ ನಿದ್ದೆ ಹತ್ತಿ ಬರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಇವತ್ತು ಗಡದ್ದಾಗಿ ಮಲಗುತ್ತೇನೆ ಅನ್ನಿಸಿ ಅವನಿಗೆ ಸಂತೋಷ ಉಕ್ಕಿತು. ಹೆಂಡತಿಗೆ ಹೇಳೋಣವೆಂದು ತಿರುಗಿದರೆ ಅವಳು ಅಡುಗೆಮನೆಗೆ ಹೋಗಿದ್ದಳು. ಕಸಬರಿಗೆ ತರಲು ಹೋಗಿದ್ದಾಳೆ ಎಂದುಕೊಂಡು ಅವನು ನಿಂಗಣ್ಣನಿಂದ ಒಂದಿಷ್ಟು ದೂರ ಸರಿದು ನಿಂತ.

ಇಂದ್ರವ್ವ ಬಂದಳು. ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ನಿಂಗಣ್ಣನ ಕಡೆಗೆ ಕೈ ಚಾಚಿ ಒಂದು ಬೀಡಿ ಇಸಿದುಕೊಂಡು ಗಂಡನ ಮುಂದೆ ಹಿಡಿದಳು.

'ಸೇದ್ರಿ.'

'ಇಂದ್ರಾ, ನನಗ ಬ್ಯಾಡಾಗೇತಿ' ಅಂದ ಹುಲೆಪ್ಪ. ಅವನ ದನಿ ಅವನಿಗೇ ಕೇಳಿಸುವಂತಿರಲಿಲ್ಲ. 'ಖರೇನ ಬ್ಯಾಡಾಗೇತಿ. ಇವತ್ತ ಬಿಟ್ಟೇತಿ ನೋಡು.'

'ಮದುವಿ ಆಗೂಮಟ ಅಷ್ಟ ಸೇದ್ರಿ. ಆಮ್ಯಾಲ ಮತ್ತ ಬಿಡೂಣು.'

'ಹಂಗಾದ್ರ ನಾಳೆ ಅಲ್ಲೇ ಸೇದ್ತೇನಿ. ಇವತ್ತರ ಮಲಗಾಕ ಬಿಡು.'

'ಸಾವುಕಾರನ ಮುಂದ ಒಮ್ಮಿಗೇ ಸೇದಿ ಕೆಮ್ಮು ಹತ್ತಿದ್ರ? ನಾಟಕ ಅಂತ ಗೊತ್ತಾಗೂದಿಲ್ಲೇನು? ಈಗ ಒಂದ ನಾಕ ಸೇದಿ ರೂಢಿ ಮಾಡ್ಕೊಳ್ರಿ.'

ಮೂವರೂ ಹೌದು ಹೌದು ಎಂದು ತಲೆಯಾಡಿಸಿದರು. ಹುಲೆಪ್ಪ ಅವರನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ದಣಿದ ಬಾಯಿ ತೆರೆದ. ಇಂದ್ರವ್ವ ಬೀಡಿಯನ್ನು ಅವನ ತುಟಿಗಿಟ್ಟು ಕಡ್ಡಿ ಗೀರಿದಳು. ಬಾಗಿಲ ಗಾಳಿಗೆ ಬೆಂಕಿ ಆರಬಾರದೆಂದು ಇನ್ನೊಂದು ಕೈಯನ್ನು ಅಡ್ಡ ಹಿಡಿದಳು. ಮದುವೆಯಾದಾಗಿನಿಂದ ಅವಳು ಅಷ್ಟು ಅಕ್ಕರೆಯಿಂದ ಅವನ ಮುಖದ ಹತ್ತಿರ ಬಂದದ್ದು ಹುಲೆಪ್ಪನಿಗೆ ನೆನಪಿರಲಿಲ್ಲ.