ಅಪ್ಪನ ಗೇಟು, ನನ್ನ ಮದುವೆ

ರೈಲ್ವೆ ಗೇಟಿನ ಪಕ್ಕ ಮನೆ ಇದ್ದವರು ನಗುವುದಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ನಗಿಸುವವರು ತಾವಾಗಿಯೇ ಬಂದು ಗೇಟಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ತೊಂಬತ್ತರ ದಶಕದ ಶುರುವಿನಲ್ಲಿ, ಇನ್ನೂ ಚಿಕ್ಕ ಗೇಜಿನ ಹಳಿ ಇದ್ದಾಗ, ಪಾಂಡವಪುರ ಸ್ಟೇಷನ್ನಿಗೆ ಮೈಲಿಯಷ್ಟು ಈಚೆ ನಮ್ಮಪ್ಪ ಗೇಟ್‌ಮನ್ ಆಗಿದ್ದ. ಗೇಟಿನ ಒಂದು ಕಡೆ ನಮ್ಮ ಕ್ವಾರ್ಟರ್ಸು, ಸ್ಟೇಷನ್ನು, ಛತ್ರ. ಇನ್ನೊಂದು ಕಡೆ ಊರು, ಸಕ್ಕರೆ ಕಾರ್ಖಾನೆ ಮತ್ತು ಉಳಿದ ಪ್ರಪಂಚ. ಅಪ್ಪ ಒಮ್ಮೆ ಗೇಟು ಹಾಕಿದನೆಂದರೆ ರೈಲು ದಾಟುವ ತನಕ ಬ್ರಹ್ಮ ಬಂದರೂ ತೆಗೆಯುತ್ತಿರಲಿಲ್ಲ.

ನಾನು ಆಗ ಮದುವೆಗೆ ಬಂದ ಮಗಳು. "ಈ ಗೇಟು ನನ್ ಮಗಳ ಮದ್ವೆಗೇ ಅಡ್ಡ ಬೀಳ್ತದೆ, ನೋಡ್ತಾ ಇರಿ" ಅಂತ ಅವ್ವ ದಿನಾ ಗೊಣಗುತ್ತಿದ್ದಳು. ನನಗೂ ಒಳಗೊಳಗೇ ಅದೇ ಭಯ.

ಗೇಟಿನ ಭಾಷಣ

ಕಬ್ಬಿನ ಕಾಲ. ಸಭೆಯೊಂದಕ್ಕೆ ಹೊರಟಿದ್ದ ಒಬ್ಬ ಪುಢಾರಿಯ ಜೀಪು ಗೇಟಿಗೆ ಸಿಕ್ಕಿಕೊಂಡಿತು. ಬಿಳಿ ಬಟ್ಟೆಯ ಮನುಷ್ಯ ಇಳಿದು ಬಂದು ಅಪ್ಪನ ಮೇಲೆ ಕೂಗಾಡಿದ.

"ಲೇ, ನಾನ್ಯಾರು ಗೊತ್ತೇನ್ಲಾ?"

"ನಂಗೆ ಗೊತ್ತು ಬುದ್ಧಿ. ರೈಲ್ಗೆ ಗೊತ್ತಿಲ್ವಲ್ಲ" ಅಂದ ಅಪ್ಪ.

ಪುಢಾರಿ ಸಿಟ್ಟಿನಿಂದ ಹಿಂದಕ್ಕೆ ತಿರುಗಿದ. ಕಬ್ಬಿನ ಗಾಡಿ, ಟ್ರಾಕ್ಟರು, ಎರಡು ಬಸ್ಸು, ಸೈಕಲ್ಲುಗಳು. ಕಣ್ಣು ಹಾಯಿಸಿದಷ್ಟು ಜನ. ಅಷ್ಟು ಜನವನ್ನು ಅವನು ತನ್ನ ಯಾವ ಸಭೆಯಲ್ಲೂ ಕಂಡಿರಲಿಲ್ಲ. ಜೀಪಿನ ಬಾನೆಟ್ ಹತ್ತಿ ನಿಂತು ಭಾಷಣ ಶುರು ಮಾಡಿಯೇ ಬಿಟ್ಟ. ಎದ್ದು ಹೋಗೋಣವೆಂದರೆ ಯಾರಿಗೂ ದಾರಿಯಿಲ್ಲ. ರೈಲು ಹೋಗಿ ಗೇಟು ತೆಗೆದಾಗ ಸಭೆಯ ಊರಿಗೆ ಹೋಗುವುದನ್ನು ಬಿಟ್ಟು ಖುಷಿಯಾಗಿ ಮನೆಗೆ ವಾಪಸಾದ.

ಆಮೇಲೆ ತಿಂಗಳಿಗೊಮ್ಮೆಯಾದರೂ ಅವನ ಆಳು ಬಂದು ಅಪ್ಪನನ್ನು ಗುಟ್ಟಾಗಿ ಕೇಳುತ್ತಿದ್ದ: "ಅಣ್ಣೋ, ಜಾಸ್ತಿ ಹೊತ್ತು ಗೇಟ್ ಹಾಕೋ ರೈಲು ಯಾವ್ದು?"

ನಾಗಮಂಗಲದವರು

ನನ್ನನ್ನು ನೋಡಲು ಮೊದಲು ಬಂದವರು ನಾಗಮಂಗಲದ ಕಡೆಯವರು. ಅವರ ವ್ಯಾನು ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಹುಡುಗನ ಸೋದರಮಾವ ಇಳಿದು ಬಂದು, ಹೆಣ್ಣಿನ ಅಪ್ಪ ಇವನೇ ಎಂದು ತಿಳಿಯದೆ, ವಂಶವನ್ನೆಲ್ಲ ಎತ್ತಿ ಬೈದ. ಅಪ್ಪ ಹಸಿರು ಬಾವುಟ ಹಿಡಿದು ರೈಲಿನ ಕಡೆ ನೋಡುತ್ತ ನಿಂತಿದ್ದ.

ಮನೆಗೆ ಬಂದು ಕೂತ ಮೇಲೂ ಮಾವನ ಸಿಟ್ಟು ಇಳಿದಿರಲಿಲ್ಲ. ಬಾಯಿತುಂಬ ಉಪ್ಪಿಟ್ಟು ಇಟ್ಟುಕೊಂಡೇ ಅವ್ವನಿಗೆ ಹೇಳಿದ: "ನಿಮ್ಮೂರ ಗೇಟ್ನೋನು ಎಂಥಾ ಮುಂಡೇದು ಕಣವ್ವ! ಅವನ್ ಮನೇಲಿ ಎಂಡ್ರು ಮಕ್ಳು ಎಂಗ್ ಬಾಳ್ತಾರೋ!"

ಆ ಹೊತ್ತಿಗೆ ಡ್ಯೂಟಿ ಮುಗಿಸಿದ ಅಪ್ಪ ಬಾವುಟಗಳನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ. "ಬನ್ನಿ ಬನ್ನಿ, ನಮ್ದು ಆಗ್ಲೇ ಪರಿಚಯ ಆಯ್ತಲ್ಲ" ಅಂತ ಕೈ ಮುಗಿದ. ಮಾವನಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ಕಾಫಿಯನ್ನೂ ಕುಡಿಯದೆ ಎದ್ದು ಹೋದವರು ಇವತ್ತಿನವರೆಗೆ ಉತ್ತರ ಹೇಳಿಲ್ಲ.

ಅವ್ವ ಪಾತ್ರೆ ಕುಕ್ಕಿದಳು. "ಮಗಳ್ನ ಆ ಗೇಟ್ಗೇ ಕೊಟ್ಟು ಮದ್ವೆ ಮಾಡ್ಬುಡಿ!"

"ಅಂಗಾಗಕಿಲ್ಲ ಕಣೆ" ಅಂದ ಅಪ್ಪ. "ಎರಡೂ ನನ್ ಮಕ್ಳೇ. ಅಣ್ಣ-ತಂಗಿ ಆಯ್ತಾರೆ."

ಬಗ್ಗದ ಹುಡುಗ

ಮುಂದಿನವರು ಕೆ.ಆರ್. ಪೇಟೆಯ ಹುಡುಗ, ಪ್ರೈಮರಿ ಸ್ಕೂಲಿನ ಮೇಷ್ಟ್ರು. ಬಸ್ಸಿಳಿದು ಒಬ್ಬರೇ ನಡೆದು ಬಂದರು. ಗೇಟು ಬಿದ್ದಿತ್ತು. ಅಪ್ಪ ಬೇಡಬೇಡವೆಂದು ಕೂಗುತ್ತಿದ್ದರೂ ಜನ ಗೇಟಿನಡಿ ಬಗ್ಗಿ, ಸೈಕಲ್ಲು ಓರೆ ಮಾಡಿ ನುಗ್ಗುತ್ತಿದ್ದರು. ಈ ಹುಡುಗ ಮಾತ್ರ ಕಂಬದ ಹಾಗೆ ನಿಂತಿದ್ದರು. ರೈಲು ಹೋಗಿ, ಗೇಟು ಪೂರ್ತಿ ಮೇಲೆದ್ದ ಮೇಲೆ ನಿಧಾನವಾಗಿ ದಾಟಿದರು.

ಅಪ್ಪನಿಗೆ ಜಾತಕವೇ ಬೇಡವಾಯಿತು. "ಇಂಥಾ ಉಡುಗನ್ನ ನಾನು ಸರ್ವೀಸ್ನಲ್ಲೇ ನೋಡಿಲ್ಲ. ರೂಲ್ಸ್ ಅಂದ್ರೆ ರೂಲ್ಸು!" ಅಂತ ಒಪ್ಪಿಗೆ ಕೊಟ್ಟುಬಿಟ್ಟ.

ಮದುವೆಯಾದ ಮೇಲೆ ನಾನು ಯಜಮಾನರನ್ನು ಅದರ ಬಗ್ಗೆ ಕೇಳಿದೆ. ಅವರು ಸುತ್ತಮುತ್ತ ನೋಡಿ ಪಿಸುಗುಟ್ಟಿದರು: "ಯಾವ್ ರೂಲ್ಸು ಮಾರಾಯ್ತಿ! ಪ್ಯಾಂಟು ಹೊಸದು, ಟೈಲರು ಬಿಗಿಯಾಗಿ ಹೊಲಿದಿದ್ದ. ಬಗ್ಗಿದ್ರೆ ಹೊಲಿಗೆ ಬಿಟ್ಟೋಗ್ತಿತ್ತು."

ಮುಹೂರ್ತಕ್ಕೆ ಬಂದ ಗೂಡ್ಸು

ಮದುವೆ ಸ್ಟೇಷನ್ ಹಿಂದಿನ ಛತ್ರದಲ್ಲಿ. ಮುಹೂರ್ತ ಹತ್ತಿರವಾಯಿತು, ಗಂಡಿನ ಬಸ್ಸೇ ಇಲ್ಲ. ಸೈಕಲ್ಲಿನಲ್ಲಿ ಬಂದವನೊಬ್ಬ ಸುದ್ದಿ ತಂದ: ಬಸ್ಸು ಗೇಟಿನಾಚೆ ನಿಂತಿದೆ, ಸಿಗ್ನಲ್ ಸಿಗದೆ ಗೂಡ್ಸು ರಸ್ತೆಗೆ ಅಡ್ಡ ನಿಂತಿದೆ. ಅವ್ವ ಹಣೆ ಚಚ್ಚಿಕೊಂಡಳು. ನಾನು ಅಳುವುದಕ್ಕೆ ಶುರು ಮಾಡಿದೆ. ಅಪ್ಪ ರೇಷ್ಮೆ ಪಂಚೆ ಎತ್ತಿ ಕಟ್ಟಿ, ಪೇಟದಲ್ಲೇ ಸೈಕಲ್ ಏರಿದ.

ಗೇಟಿನಲ್ಲಿ ಅವತ್ತು ಬದಲಿ ಡ್ಯೂಟಿಗೆ ಬಂದಿದ್ದವರು ಗಂಜಾಮಿನ ಸಾಬರು. "ಅರೆ ಅಣ್ಣ, ಗೇಟ್ ತೆಗ್ದು ಏನ್ ಮಾಡ್ಲಿ? ರೈಲೇ ಅಡ್ಡ ಐತಲ್ಲ! ಇದು ಓದ್ಮೇಲೆ ಎದುರ್ಗಡೆಯಿಂದ ಪ್ಯಾಸೆಂಜರ್ ಬೇರೆ ಬರ್ಬೇಕು" ಅಂದರು.

ಜನ ಗಾಡಿಯಡಿ ನುಸುಳೋಣ ಅಂದರು. "ನನ್ ಅಳಿಯ ಬಗ್ಗೋನಲ್ಲ!" ಅಂತ ಅಪ್ಪ ಗುಡುಗಿದ. ಆಮೇಲೆ ನೋಡಿದ. ಗೇಟಿನೆದುರಿಗೆ ನಿಂತಿದ್ದದ್ದು ಗೂಡ್ಸಿನ ಕೊನೆಯ ಡಬ್ಬಿ, ಗಾರ್ಡ್ ಕೂರುವಂಥದ್ದು. ಅಪ್ಪ ಹತ್ತಿ ಗಾರ್ಡಿನ ಮುಂದೆ ನಿಂತ.

"ಮದುವೆ ಗಂಡನ್ನ ಸ್ಟೇಷನ್ಗೆ ಬುಟ್ಬುಡಿ ಸ್ವಾಮಿ."

"ನನ್ನ ಕೆಲಸ ಹೋಗುತ್ತೆ ಕಣಯ್ಯ!"

"ರೈಲ್ ಓಗೋಗಂಟ ಗೇಟ್ ತೆಗೀಬಾರ್ದು ಅಂತ ರೂಲ್ಸ್ ಐತೆ. ಮದುವೆ ಗಂಡನ್ನ ಅತ್ತಿಸ್ಬಾರ್ದು ಅಂತ ಎಲ್ಲೈತೆ ತೋರ್ಸಿ, ಇಳ್ದೋಯ್ತೀನಿ."

ಗಾರ್ಡ್ ಬಾಯಿ ತೆರೆಯುವಷ್ಟರಲ್ಲಿ ಬಾಸಿಂಗ ಕಟ್ಟಿದ ಮೇಷ್ಟ್ರು, ಅವರ ತಂದೆ ತಾಯಿ ಆಚೆ ಬದಿಯಿಂದ ಹತ್ತಿ ಒಳಗೆ ಬಂದಾಗಿತ್ತು. ಸಿಗ್ನಲ್ ಬಿತ್ತು, ಗಾಡಿ ಹೊರಟಿತು.

ಸುದ್ದಿ ಹೇಗೆ ಮುಟ್ಟಿತೋ ಗೊತ್ತಿಲ್ಲ, ವಾಲಗದವರೆಲ್ಲ ಪ್ಲಾಟ್‌ಫಾರಂಗೆ ಓಡಿದರು. ಕೊನೆಯ ಡಬ್ಬಿಯ ಮೆಟ್ಟಿಲ ಮೇಲೆ ಅಪ್ಪ, ಪೇಟ ಹಾಕಿಕೊಂಡು, ಗಾರ್ಡಿನ ಹಸಿರು ಬಾವುಟ ಬೀಸುತ್ತ ಬಂದ. ಸ್ಟೇಷನ್ನೆಲ್ಲ ಚಪ್ಪಾಳೆ. ಆರತಿ ತಟ್ಟೆ ಹಿಡಿದ ಅವ್ವ ಸಿಕ್ಕಿದವರಿಗೆಲ್ಲ ಹೇಳಿದಳು: "ಎಲ್ಲಾರ್ ಅಳಿಯಂದ್ರೂ ಬಸ್ಸಲ್ಲಿ ಬತ್ತಾರೆ. ನನ್ ಅಳಿಯಂಗೆ ಇಡೀ ರೈಲೇ ಬಂತು ಕಣ್ರವ್ವ!" ಅಷ್ಟು ವರ್ಷ ಗೇಟಿಗೆ ಶಾಪ ಹಾಕಿದವಳು ಇವಳೇನಾ ಅನ್ನಿಸಿತು.

ಮುಹೂರ್ತ ಮೀರಲಿಲ್ಲ. ಬಸ್ಸಿನವರೂ ಅಕ್ಷತೆಯ ಹೊತ್ತಿಗೆ ಬಂದು ಸೇರಿದರು. ಧಾರೆ ಎರೆದಾಯಿತು, ಪುರೋಹಿತರು ಮಂತ್ರ ಮುಗಿಸಿದರು, ಆದರೆ ಅಪ್ಪ ಹಿಡಿದ ನನ್ನ ಕೈ ಬಿಡಲೇ ಇಲ್ಲ. ಪುರೋಹಿತರು ಕೆಮ್ಮಿದರು. ಅಪ್ಪ ತಲೆ ತಗ್ಗಿಸಿಕೊಂಡು ಕೂತೇ ಇದ್ದ, ಕಣ್ಣಲ್ಲಿ ನೀರು. ನನಗೂ ದುಃಖ ಒತ್ತಿ ಬಂತು.

ಅವ್ವ ಅವನ ಭುಜ ತಟ್ಟಿದಳು. "ಬುಡಿ, ಅಳಿಯ ಕಾಯ್ತಾವ್ರೆ. ಈಗ್ಲಾದ್ರೂ ಗೇಟ್ ತೆಗೀರಿ!"

ಛತ್ರವೆಲ್ಲ ಗೊಳ್ಳೆಂದಿತು. ಅಪ್ಪನೂ ನಕ್ಕುಬಿಟ್ಟ, ಕೈ ಬಿಟ್ಟ.